ನಮ್ಮವ್ವನ ಶೋಕಿ

ಶೋಕಿ ಎಂದರೆ ದುಃಖದಲ್ಲಿರುವವಳು ಎಂದೇ ನಾನು ಬಹಳ ದಿನ ತಿಳಿದಿದ್ದೆ. ಮಾನ್ವಿಯ ಶಾಲೆಯಲ್ಲಿ ಮಾಸ್ತರರು ನಮಗೆ ಶಬ್ದಗಳ ಅರ್ಥ ಬಾಯಿಪಾಠ ಮಾಡಿಸುತ್ತಿದ್ದರು. ರೋಗ ಬಂದವನು ರೋಗಿ, ಯೋಗ ಮಾಡುವವನು ಯೋಗಿ, ಭೋಗಕ್ಕೆ ಬಿದ್ದವನು ಭೋಗಿ. ಶೋಕ ಎಂದರೆ ದುಃಖ. ಹಾಗಾದರೆ ಶೋಕಿ ಯಾರು ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಯಲ್ಲಿ ದೊಡ್ಡವ್ವ ಬೆಳಗಾದರೆ ನಮ್ಮವ್ವನನ್ನು ಅದೇ ಹೆಸರಿನಿಂದ ಕರೆಯುತ್ತಿದ್ದಳು. ‘ಎದ್ದಳೇನು ಶೋಕಿ’, ‘ಎಲ್ಲಿ ಹೋದಳು ಶೋಕಿ’. ಅವ್ವ ಒಬ್ಬಳೇ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕಣ್ಣೊರೆಸಿಕೊಳ್ಳುವುದನ್ನು ನಾನು ಕಂಡಿದ್ದೆ. ಆ ದುಃಖ ದೊಡ್ಡವ್ವನಿಗೂ ಗೊತ್ತಿದೆಯಲ್ಲ, ಬಾಯಿತುಂಬ ಹೇಳುತ್ತಾಳಲ್ಲ ಎಂದು ನನಗೆ ಆಕೆಯ ಮೇಲೆ ಒಂದು ಬಗೆಯ ಪ್ರೀತಿಯೇ ಇತ್ತು. ಬೇರೆ ಎಲ್ಲಕ್ಕಿಂತ ಹೆಚ್ಚಾಗಿ, ನನ್ನಿಂದ ಹಾಗೆ ಪುಕ್ಕಟೆ ತೆಗೆದುಕೊಂಡ ಆ ಪ್ರೀತಿಗಾಗಿ ನಾನು ಆಕೆಯನ್ನು ಇವತ್ತಿಗೂ ಕ್ಷಮಿಸಿಲ್ಲ.

ನಮ್ಮ ಮನೆ ಅಕ್ಕಿ ಗಿರಣಿಯ ಹಿಂದೆ, ಗಿರಣಿಯ ಗೋಡೆಗೇ ಬೆನ್ನು ಕೊಟ್ಟು ನಿಂತಿತ್ತು. ಕಾಲುವೆ ನೀರು ಬಂದು ಸುತ್ತಲಿನ ಹೊಲಗಳೆಲ್ಲ ಗದ್ದೆಯಾದ ಮೇಲೆ ದೊಡ್ಡಪ್ಪ ಹಾಕಿದ ಗಿರಣಿ. ಅದು ತಿರುಗಲು ಶುರುವಾದರೆ ಅಡಿಗೆಮನೆಯ ಗೋಡೆಯ ಮಾಡದಲ್ಲಿಟ್ಟ ಬಟ್ಟಲುಗಳು ಸಣ್ಣಗೆ ನಡುಗುತ್ತಿದ್ದವು. ತೌಡಿನ ಧೂಳು ಬೆಳಕಿಂಡಿಯಿಂದ ಇಳಿದು ಕುಡಿಯುವ ನೀರಿನ ಮೇಲೆ ಕೆನೆಯಂತೆ ಕೂಡುತ್ತಿತ್ತು. ಅಪ್ಪ ತನ್ನ ಅಣ್ಣನ ಕೈಕೆಳಗೆ ಗಿರಣಿಯಲ್ಲಿ ದುಡಿಯುತ್ತಿದ್ದ. ಅಣ್ಣನೆದುರು ಕೂಡುತ್ತಿರಲಿಲ್ಲ, ಅತ್ತಿಗೆಯೆದುರು ದನಿ ಎತ್ತುತ್ತಿರಲಿಲ್ಲ. ಮನೆಯೊಳಗಿನ ಯಜಮಾನಿಕೆ ಪೂರ್ತಿ ದೊಡ್ಡಪ್ಪನ ಹೆಂಡತಿ ಬಸಮ್ಮನದು, ಅಂದರೆ ನಮ್ಮ ದೊಡ್ಡವ್ವನದು. ಆಕೆ ಇಳಕಲ್ಲ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ, ಕಾಲಿಗೆ ಚಪ್ಪಲಿ ಮೆಟ್ಟಿದವಳಲ್ಲ. ಸೊಂಟಕ್ಕೆ ಸಿಕ್ಕಿಸಿದ ಕೀಲಿಕೈ ಗೊಂಚಲು ನಡೆದಾಗಲೆಲ್ಲ ಸದ್ದು ಮಾಡುತ್ತಿತ್ತು. ಬೆಲ್ಲ, ಎಣ್ಣೆ, ತುಪ್ಪ ಎಲ್ಲವೂ ಆ ಗೊಂಚಲಿನ ಹಿಂದೆ ಇದ್ದವು. ದೊಡ್ಡವ್ವನಿಗೆ ಇಬ್ಬರು ಗಂಡುಮಕ್ಕಳು. ನಮ್ಮವ್ವನಿಗೆ ನಾನೊಬ್ಬಳು.

ಅವ್ವ ರಾಯಚೂರಿನವಳು, ಅಲ್ಲಿನ ತೀನ್ ಕಂದೀಲ್ ವೃತ್ತದ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದ ನಮ್ಮ ಸೋದರಮಾವನ ತಂಗಿ. ವಾರೆ ಬೈತಲೆ ತೆಗೆದುಕೊಂಡು, ಸ್ವಲ್ಪ ಪೌಡರ್ ಹಚ್ಚಿಕೊಂಡು ಈ ಮನೆಯ ಹೊಸ್ತಿಲು ದಾಟಿದಳಂತೆ. ಆ ಶಬ್ದ ಅವತ್ತೇ ಆಕೆಗೆ ಅಂಟಿಕೊಂಡಿತು. ಮರುದಿನ ಬೈತಲೆ ನಟ್ಟನಡುವೆ ಬಂತು, ಪೌಡರಿನ ಡಬ್ಬಿ ಟ್ರಂಕಿನ ತಳ ಸೇರಿತು. ಆದರೂ ಶಬ್ದ ಹೋಗಲಿಲ್ಲ. ಹಿತ್ತಲಿಗೆ ಚಪ್ಪಲಿ ಹಾಕಿಕೊಂಡು ಹೋದರೆ ಶೋಕಿ. ಜ್ವರ ಬಂದು ಮಲಗಿದರೆ ಶೋಕಿ. ಊಟಕ್ಕೆ ಕೂತಾಗ ಕಾಗದದ ತುಂಡು ಕೈಗೆ ಸಿಕ್ಕು ಅದರಲ್ಲಿದ್ದುದನ್ನು ಓದಿದರೆ, ಅದಂತೂ ದೊಡ್ಡ ಶೋಕಿ. ದೊಡ್ಡವ್ವ ಬಂದವರೆದುರಿಗೆ ಹೇಳುತ್ತಿದ್ದಳು:

"ಹೆಸರು ಸುದ್ದಾ ಶೋಕೀದು ನೋಡವ್ವಾ ಆಕೀದು. ಸರೋಜಾ ಅಂತ. ನಮ್ಮ ಕಡಿ ಈರವ್ವ, ಶರಣವ್ವ ಅಂತ ಹೆಸರು ಇಲ್ಲೇನು?"

ಅವ್ವನ ಕಣ್ಣು ಸರಿಯಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ನಂಬಿರಲಿಲ್ಲ. ಹತ್ತಿರದ್ದು ಆಕೆಗೆ ಚೆನ್ನಾಗಿ ಕಾಣುತ್ತಿತ್ತು. ಅಕ್ಕಿಯೊಳಗಿನ ಹರಳು ಆರಿಸುತ್ತಿದ್ದಳು, ಸೂಜಿ ಪೋಣಿಸುತ್ತಿದ್ದಳು. ನಾಲ್ಕು ಮಾರು ಆಚೆಗಿನದು ಮಾತ್ರ ಎಲ್ಲ ಹೊಗೆ. ಪಡಸಾಲೆಯ ಆ ತುದಿಯಲ್ಲಿ ಯಾರು ಕೂತಿದ್ದಾರೆ ಎಂದು ಅವರ ಕೆಮ್ಮಿನಿಂದ ತಿಳಿಯುತ್ತಿದ್ದಳು. ಒಂದು ಸಲ ಸಂತೆಯಲ್ಲಿ ನನ್ನ ಕೈ ಎಂದು ಬೇರೆ ಯಾರದೋ ಹುಡುಗಿಯ ಕೈ ಹಿಡಿದು ನಡೆದುಬಿಟ್ಟಿದ್ದಳು; ಆ ಹುಡುಗಿ ಅಳತೊಡಗಿದಾಗ ಗಾಬರಿಯಾಗಿ, ಬಗ್ಗಿ, ಮುಖಕ್ಕೆ ಮುಖ ತಂದು ನೋಡಿ, ‘ನೀನ್ಯಾರ ಮಗಳವ್ವಾ’ ಎಂದಿದ್ದಳು. ಕಣ್ಣು ಕಾಣಿಸುವುದಿಲ್ಲ, ಒಂದು ಸಲ ತೋರಿಸಿಕೊಂಡು ಬರುತ್ತೇನೆ ಎಂದು ಆಕೆ ಅಪ್ಪನನ್ನು ಕೇಳಿದ್ದು ದೊಡ್ಡವ್ವನ ಕಿವಿಗೆ ಬಿತ್ತು.

"ಸೂಜಿ ಪೋಣಸ್ತಾಳ, ಕಣ್ಣು ಕಾಣಸಂಗಿಲ್ಲಂತ. ಚಸ್ಮಾ ಹಾಕ್ಕೊಂಡು ಕುಂದ್ರಬೇಕಾಗ್ಯಾದ ರಾಣಿಗಿ. ಗಿರಣಿ ಮಂದಿ ನಗಲಿ, ‘ಸಾವ್ಕಾರ್ರ ಮನಿ ಸೊಸಿ ಮೇಡಮ್ಮ ಆಗ್ಯಾಳ’ ಅಂತ."

ಕನ್ನಡಕದ ಬದಲು ನೀರಮಾನ್ವಿಗೆ ಕರೆದುಕೊಂಡು ಹೋಗಿ ಎಲ್ಲಮ್ಮನ ಗುಡಿಯ ಭಂಡಾರದ ಅರಿಸಿನವನ್ನು ಆಕೆಯ ರೆಪ್ಪೆಗೆ ಹಚ್ಚಿಸಿಕೊಂಡು ಬಂದರು. ಕಣ್ಣು ಹಳದಿಯಾಗಿ ಉರಿದವು. ಅಪ್ಪ ಗಿರಣಿಗೆ ಹೊರಟುಹೋದ. ಅಪ್ಪನ ಪಾಲಿನ ಬಾಕಿಯನ್ನೂ ನಾನು ಮರೆತಿಲ್ಲ, ಆದರೆ ಅದು ಇಲ್ಲಿ ಬೇಡ.

ದೂರದ್ದನ್ನು ನೋಡಬೇಕಾದರೆ ಅವ್ವ ಕಣ್ಣು ಕಿರಿದು ಮಾಡುತ್ತಿದ್ದಳು. ಹಾಗೆ ಮಾಡಿದರೆ ಹೊಗೆ ಸ್ವಲ್ಪ ತಿಳಿಯಾಗುತ್ತದೆ. ಇದು ಅಂಥ ಕಣ್ಣಿನವರಿಗೆಲ್ಲ ಗೊತ್ತು. ಒಂದು ಮಧ್ಯಾಹ್ನ ರಾಯಚೂರಿನಿಂದ ಮಾಮ ಬರುವವನಿದ್ದ. ಅವ್ವ ಮುಂದಿನ ಬಂಕದಲ್ಲಿ, ಅಂದರೆ ಜಗಲಿಯಲ್ಲಿ, ಕಂಬ ಹಿಡಿದು ನಿಂತಿದ್ದಳು. ಗಿರಣಿಯ ಗೇಟಿನಲ್ಲಿ ಬಿಳಿ ಅಂಗಿಯ ಎತ್ತರದ ಗಂಡಸೊಬ್ಬ ಕಂಡ. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು, ನಕ್ಕಳು, ಕೈ ಎತ್ತಿ ‘ಬಾ’ ಎಂದಳು, ಎರಡು ಹೆಜ್ಜೆ ಇಳಿದೂ ಹೋದಳು. ಅದು ಮಾಮ ಆಗಿರಲಿಲ್ಲ. ಭತ್ತ ತಂದ ಲಾರಿಯ ಡ್ರೈವರ್. ಅವನು ಹಿಂದೆ ತಿರುಗಿ, ತನ್ನನ್ನೇ ಕರೆದದ್ದೋ ಎಂದು ನೋಡಿದ. ಚೀಲ ಹೊರುತ್ತಿದ್ದ ಹಮಾಲರು ಚೀಲ ಬೆನ್ನ ಮೇಲಿರುವಂತೆಯೇ ನಿಂತುಬಿಟ್ಟರು. ದೊಡ್ಡವ್ವ ಬಾಗಿಲಿಗೆ ಬಂದಿದ್ದಳು. ಒಳಗೆ ಕರೆದು ಹೇಳಬಹುದಿತ್ತು. ಅಲ್ಲೇ ಎಲ್ಲರ ಮುಂದೆ ಹೇಳಿದಳು:

"ಶೋಕಿ ಅಂತ ಇಷ್ಟು ದಿನ ಸುಮ್ಮನಿದ್ದೆ. ಈಗ ಡ್ರೈವರುಗಳಿಗಿ ಕಣ್ಣು ಹೊಡಿಯಾಕತ್ತಾಳಲ್ಲೋ ಇಕಿ! ಹೊಟ್ಟ್ಯಾಗ ಹುಟ್ಟಿದ ಮಗಳು ಬಾಜೂಕ ನಿಂತಾಳ, ನಾಚಿಕಿ ಬ್ಯಾಡೇನು?"

ಆ ಶಬ್ದಕ್ಕೂ ದುಃಖಕ್ಕೂ ಸಂಬಂಧವಿಲ್ಲ ಎಂದು ನನಗೆ ತಿಳಿದದ್ದು ಅವತ್ತು. ಹಮಾಲರು ನಕ್ಕ ರೀತಿಯಿಂದ ತಿಳಿಯಿತು. ಅವ್ವನ ಮುಖ ಬೆಂದ ಹಾಗಾಗಿತ್ತು. ‘ನಮ್ಮ ಅಣ್ಣ ಅಂತ ತಿಳದೆ ಅಕ್ಕಾರ, ಎಲ್ಲವ್ವನ ಆಣಿಗೂ’ ಎಂದಳು. ಅಪ್ಪ ಗಿರಣಿಯಿಂದ ಬಂದವನು ಆಕೆಯನ್ನು ನೋಡಲಿಲ್ಲ. ಸಂಜೆ ಮಾಮ ಬಂದಾಗ ಅವನ ಜೊತೆಗೇ ಅವ್ವನನ್ನೂ ನನ್ನನ್ನೂ ರಾಯಚೂರಿನ ಬಸ್ಸು ಹತ್ತಿಸಿದರು. ‘ಕರೆಯೋ ತನಕ ಬರಬ್ಯಾಡ’ ಎಂದು ಹೇಳಿದವಳು ದೊಡ್ಡವ್ವ.

ಮಾಮನ ಮನೆ ಅಂಗಡಿಯ ಹಿಂದಿನ ಎರಡು ಕೋಣೆ. ಕತ್ತರಿಸಿದ ಬಟ್ಟೆಯ ಚೂರು, ಮಷೀನಿನ ಎಣ್ಣೆಯ ವಾಸನೆ, ಗೋಡೆಗೆ ಸಾಲಾಗಿ ತೂಗುವ ಅಗಲ ಪಾಯಿಯ ಪ್ಯಾಂಟುಗಳು. ಆಗ ಊರಿನ ಹುಡುಗರಿಗೆಲ್ಲ ನೆಲ ಗುಡಿಸುವಂಥ ಪ್ಯಾಂಟು ಬೇಕಿತ್ತು. ಮೊದಲ ದಿನವೇ ಅವ್ವ ತರಕಾರಿ ತರಲು ಹೋಗಿ, ತಿರುಗಿ ಬರುವಾಗ ಅಂಗಡಿಯ ಎದುರಿಗೇ ನಿಂತು, ಹಾದುಹೋಗುವವರನ್ನು ‘ಇಲ್ಲಿ ಟೇಲರ್ ಅಂಗಡಿ ಎಲ್ಲದರೀ’ ಎಂದು ಕೇಳಿದಳು. ಮಾಮ ಮಷೀನು ನಿಲ್ಲಿಸಿದ. ಎದ್ದು ಬಂದು ಆಕೆಯ ಮುಂದೆ ಸ್ವಲ್ಪ ದೂರದಲ್ಲಿ ನಿಂತ.

"ಸರೂ, ನಾನು ಕಾಣಸ್ತೀನೇನು?"

"ಯಾರೋ ನಿಂತಂಗ ಕಾಣಸ್ತದ ಅಣ್ಣಾ. ದನಿ ನಿಂದು."

ಅವತ್ತೇ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದ. ಗೋಡೆಯ ಮೇಲಿನ ಅಕ್ಷರಗಳಲ್ಲಿ ಅವ್ವ ಓದಿದ್ದು ಎಲ್ಲಕ್ಕಿಂತ ಮೇಲಿನ ದೊಡ್ಡದೊಂದನ್ನು ಮಾತ್ರ. ಅಂಗಡಿಯವನು ಒಂದೊಂದೇ ಗಾಜು ಬದಲಿಸುತ್ತ ಹೋದ. ಕೆಲವು ದಿನ ಬಿಟ್ಟು ಕಪ್ಪು ಚೌಕಟ್ಟಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ನಿಂತ ಅವ್ವ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಎದುರುಗಡೆಯ ಬಳೆ ಅಂಗಡಿಯಲ್ಲಿ ಇಬ್ಬರು ಹೆಂಗಸರು ಏನಕ್ಕೋ ಜಗಳವಾಡುತ್ತಿದ್ದರು.

"ಅಣ್ಣಾ, ಇಷ್ಟು ದೂರದಿಂದ ಮಂದೀ ಮಾರಿ ಮ್ಯಾಲಿನ ಸಿಟ್ಟು ಕಾಣಸ್ತದಲ್ಲೋ!" ಎಂದಳು. ಆಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, "ಇದನ್ನ ಹಾಕ್ಕೊಂಡು ಆ ಮನಿಗಿ ಹೆಂಗ ಹೋಗಲಿ? ಶೋಕಿ ಅಂತಾರ" ಎಂದಳು.

ಮಾಮ ಚಿಕ್ಕಂದಿನಲ್ಲಿ ಒಬ್ಬ ಸಾಬರ ಹತ್ತಿರ ಹೊಲಿಗೆ ಕಲಿತವನು. ಅವರನ್ನು ಉಸ್ತಾದರು ಎನ್ನುತ್ತಿದ್ದ. ಅಂಗಡಿಗೆ ಬಂದು ಕೂತ ಮೇಲೆ ಅವನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಹುಚ್ಚೀ, ಅದು ಬೈಗುಳ ಅಲ್ಲ. ಶೋಕ್ ಅಂದ್ರ ಉರ್ದುದಾಗ ಆಸಿ. ಮನಸಿನ ಆಸಿ. ಯಾರಾದ್ರೂ ಚೊಲೊ ಅರಿವಿ ಆರಿಸಿ ತಂದ್ರ ನಮ್ಮ ಉಸ್ತಾದರು ಎದ್ದು ನಿಂತು, ‘ಬಾಳ ಶೋಕೀನ್ ಮನಷ್ಯಾ’ ಅಂತಿದ್ರು. ಹಂಗ ಅನಿಸ್ಕೊಂಡವ ಎದಿ ಉಬ್ಬಿಸಿ ಹೋಗ್ತಿದ್ದ. ನಮ್ಮ ರಾಯಚೂರಾಗ ಅದು ಮರ್ಯಾದಿ ಮಾತು. ಬಸ್ಸು ಹತ್ತಿ ಮಾನ್ವಿಗಿ ಮುಟ್ಟೂದ್ರಾಗ ನಿಮ್ಮ ಬಸಮ್ಮ ಅದನ್ನ ಹೊಲಸು ಮಾಡ್ಯಾಳ."

ಅಷ್ಟು ಹೇಳಿ ಅವನು ಕಪಾಟಿನಿಂದ ಹಸಿರು ಬಟ್ಟೆ ತೆಗೆದ. ಅವ್ವನ ಅಳತೆ ತೆಗೆದುಕೊಂಡು, ಆಗ ಪೇಟೆಯಲ್ಲಿ ಹೊಸದಾಗಿ ಬಂದಿದ್ದ ಪುಗ್ಗೆಯಂತೆ ಉಬ್ಬಿದ ಪುಗ್ಗಾ ತೋಳಿನ ಜಂಪರು ಹೊಲಿದುಕೊಟ್ಟ. ಆ ಹೆಂಗಸು ಹೇಗೂ ಹೆಸರಿಟ್ಟಿದ್ದಾಳೆ, ಇನ್ನು ಶೋಕಿ ಅರ್ಧ ಮಾಡಬೇಡ, ಪೂರಾ ಮಾಡಿಕೊಂಡೇ ಹೋಗು ಎಂದ. ಅವ್ವ ಕನ್ನಡಿಯ ಮುಂದೆ ನಿಂತು ಬೈತಲೆಯನ್ನು ವಾರೆಗೆ ಸರಿಸಿಕೊಂಡಳು. ಅಪ್ಪನಿಂದ ‘ಬಾ’ ಎಂದು ಸುದ್ದಿ ಬಂದಿತ್ತು. ಮನೆಯಲ್ಲಿ ರೊಟ್ಟಿ ಬಡಿಯುವವರಿರಲಿಲ್ಲ.

ನಾವು ಮರಳಿ ಹೋದ ದಿನ ಬಾಗಿಲು ತೆಗೆದವಳು ದೊಡ್ಡವ್ವ. ಆಕೆ ಕನ್ನಡಕ ನೋಡಿದಳು, ತೋಳು ನೋಡಿದಳು, ಬೈತಲೆ ನೋಡಿದಳು. ಎಲ್ಲವೂ ಒಟ್ಟಿಗೇ ಬಂದುಬಿಟ್ಟದ್ದರಿಂದ ಯಾವುದರಿಂದ ಶುರುಮಾಡುವುದು ಎಂದು ಆಕೆಗೆ ತಿಳಿಯಲಿಲ್ಲವೇನೋ. ಮಧ್ಯಾಹ್ನ ಗಂಡಸರ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಮಕ್ಕಳನ್ನು ಸಾಲಾಗಿ ಕೂಡಿಸಿದರು: ದೊಡ್ಡವ್ವನ ಇಬ್ಬರು ಗಂಡುಮಕ್ಕಳು, ತುದಿಗೆ ನಾನು. ಅವ್ವ ಅನ್ನ, ಬೇಳೆ ಬಡಿಸಿ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ತುಪ್ಪ ಯಾವತ್ತೂ ದೊಡ್ಡವ್ವನ ಕೈಯಿಂದಲೇ. ಆಕೆ ಚಮಚವನ್ನು ಗಡಿಗೆಯಲ್ಲಿ ಅದ್ದಿ ದೊಡ್ಡ ಮಗನ ಅನ್ನದ ಮೇಲೆ ಬಗ್ಗಿಸಿದಳು. ಮತ್ತೆ ಅದ್ದಿ ಸಣ್ಣ ಮಗನಿಗೆ. ನನ್ನ ಹತ್ತಿರ ಬಂದಾಗ ಅದ್ದಲಿಲ್ಲ. ಅದೇ ಚಮಚವನ್ನು ಅದೇ ರೀತಿ ನನ್ನ ಅನ್ನದ ಮೇಲೆ ಬಗ್ಗಿಸಿ, ಅಂಚಿಗೆ ಎರಡು ಸಲ ತಟ್ಟಿದಳು. ಏನೂ ಬೀಳಲಿಲ್ಲ. ಅದು ನನಗೆ ಹೊಸದಲ್ಲ. ನನಗೆ ತಿಳಿವಳಿಕೆ ಬಂದಾಗಿನಿಂದ ನನ್ನ ತಾಟಿಗೆ ತುಪ್ಪ ಬಡಿಸುತ್ತಿದ್ದದ್ದೇ ಹಾಗೆ. ಹೆಣ್ಣುಮಕ್ಕಳಿಗೆ ಬಡಿಸುವ ಪದ್ಧತಿಯೇ ಅದು ಎಂದು ನಾನು ತಿಳಿದಿದ್ದೆ. ಬಾಗಿಲಿನಿಂದ ಅವ್ವನಿಗೆ ಇಷ್ಟು ವರ್ಷ ಬಗ್ಗುವ ಕೈ ಕಾಣುತ್ತಿತ್ತು, ತಟ್ಟುವ ಸದ್ದು ಕೇಳುತ್ತಿತ್ತು.

"ಅಕ್ಕಾರ," ಎಂದಳು ಅವ್ವ. "ಚಮಚಾ ಖಾಲಿ ಅದ."

"ಏನಂದಿ?"

"ಪಾರಿ ತಾಟಿಗಿ ಹಾಕಿದ್ದು ಖಾಲಿ ಚಮಚಾ. ನನಗ ಈಗ ಕಾಣಸ್ತದರೀ."

ದೊಡ್ಡವ್ವ ಗಡಿಗೆ ಕೆಳಗಿಟ್ಟಳು. ಅಪ್ಪ ಕೈ ತೊಳೆದುಕೊಂಡು ಬಂದವನು ಅಲ್ಲೇ ನಿಂತಿದ್ದ. ಅವ್ವ ಅವನ ಕಡೆಗೂ ನೋಡಲಿಲ್ಲ. ನೆಟ್ಟಗೆ ಬಂದು, ಗಡಿಗೆಯನ್ನು ಎತ್ತಿ, ಚಮಚ ಬಿಟ್ಟು, ಗಡಿಗೆಯಿಂದಲೇ ನನ್ನ ಅನ್ನದ ಮೇಲೆ ಸುರಿದಳು. ಅನ್ನ ಮುಳುಗಿತು, ತುಪ್ಪ ತಾಟಿನ ಅಂಚು ದಾಟಿ ನೆಲಕ್ಕೆ ಹರಿಯಿತು. ನನಗೆ ಅದನ್ನು ಉಣ್ಣಲಾಗಲಿಲ್ಲ, ಅಷ್ಟೊಂದು ತುಪ್ಪ ಯಾರೂ ಉಣ್ಣಲಾರರು. ಆದರೂ ಅವ್ವ ನನ್ನ ಪಕ್ಕದಲ್ಲಿ ಕೂತು, ‘ಉಣ್ಣು’ ಎಂದು ತುತ್ತು ಮಾಡಿ ಬಾಯಿಗೆ ಇಟ್ಟಳು. ದೊಡ್ಡವ್ವನ ಕಣ್ಣಲ್ಲಿ ಕಣ್ಣಿಟ್ಟು ಇಟ್ಟಳು.

"ನೋಡ್ರೋ, ಶೋಕಿ ಚಸ್ಮಾ ಹಾಕ್ಕೊಂಡು ಮನಿ ಒಡಿಯಾಕ ಬಂದಾಳ ರಂಡಿ," ಎಂದು ದೊಡ್ಡವ್ವ ಕೂಗಿದಳು. ದೊಡ್ಡಪ್ಪ ಗಿರಣಿಯಿಂದ ಓಡಿ ಬಂದ. ಯಾರು ಏನು ಹೇಳಿದರು ಎನ್ನುವುದು ಆಮೇಲೆ ನೆನಪಿಲ್ಲ. ಅಪ್ಪ ಹೇಳಿದ್ದು ಮಾತ್ರ ನೆನಪಿದೆ, ಏಕೆಂದರೆ ಅವನು ಯಾವಾಗಲೂ ಹೇಳುತ್ತಿದ್ದದ್ದು ಅದೇ: ‘ಹೋಗ್ಲಿ ಬಿಡು.’

ಆ ವಾರ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅವ್ವ ಜಳಕಕ್ಕೆ ಹೋದಾಗ ಮಾಡದಲ್ಲಿಟ್ಟ ಕನ್ನಡಕ ಮಾಯವಾಯಿತು. ಹುಡುಕಿ ಹುಡುಕಿ, ಕೊನೆಗೆ ಅದು ಒಳಕಲ್ಲಿನ ಕುಣಿಯಲ್ಲಿ ಸಿಕ್ಕಿತು. ಗಾಜುಗಳೆರಡೂ ಉಪ್ಪಿನ ಹರಳಿನಂತೆ ಪುಡಿಯಾಗಿದ್ದವು, ಮೇಲೆ ಗುಂಡುಕಲ್ಲು ಇತ್ತು. ಚೌಕಟ್ಟು ಸೊಟ್ಟಗಾಗಿದ್ದರೂ ಮುರಿದಿರಲಿಲ್ಲ. ದೊಡ್ಡವ್ವ ದೇವರ ಕೋಣೆಯ ಮುಂದೆ ಕೂತು ಹೂ ಕಟ್ಟುತ್ತಿದ್ದಳು. ಶೋಕಿ ಸಾಮಾನು ಕಂಡಲ್ಲಿ ಇಟ್ಟರೆ ಹೀಗೇ ಆಗುತ್ತದೆ ಎಂದಳು, ತಲೆ ಎತ್ತಲಿಲ್ಲ. ಅವ್ವ ಅಳುತ್ತಾಳೆ ಎಂದು ನಾನು ಕಾದೆ. ಆಕೆ ಗಾಜಿನ ಪುಡಿಯನ್ನು ಕುಣಿಯಿಂದ ಬಳಿದು ಚೆಲ್ಲಿದಳು, ಚೌಕಟ್ಟನ್ನು ನೀರಿನಲ್ಲಿ ತೊಳೆದಳು, ಬೆರಳಿನಿಂದ ಅದುಮಿ ಅದುಮಿ ನೆಟ್ಟಗೆ ಮಾಡಿದಳು, ಆಮೇಲೆ ಅದನ್ನು ಕಣ್ಣಿಗೆ ಹಾಕಿಕೊಂಡಳು. ಗಾಜಿಲ್ಲದ ಬರಿಯ ಚೌಕಟ್ಟು.

ಅದನ್ನು ಹಾಕಿಕೊಂಡೇ ರೊಟ್ಟಿ ಬಡಿದಳು. ಹಾಕಿಕೊಂಡೇ ಗಂಡಸರಿಗೆ ಬಡಿಸಿದಳು. ದೊಡ್ಡಪ್ಪ ತಾಟಿನಿಂದ ತಲೆ ಎತ್ತಿದವನು ಮತ್ತೆ ಎತ್ತಲಿಲ್ಲ. ಭತ್ತದ ವ್ಯವಹಾರಕ್ಕೆ ಬಂದ ದೊಡ್ಡ ರೈತರಿಗೆ ಬಂಕದಲ್ಲಿ ಚಹಾ ಕೊಡುವುದು ಅವ್ವನ ಕೆಲಸ; ಅಲ್ಲಿಗೂ ಹಾಗೇ ಹೋದಳು. ಚಂದ್ರಬಂಡದ ಮುದುಕನೊಬ್ಬ ಬೆರಗಾಗಿ, ‘ಇದೇನು ತಂಗಿ, ಚಸ್ಮಾದಾಗ ಗಾಜೇ ಇಲ್ಲಲ್ಲ?’ ಎಂದು ಕೇಳಿದ.

"ಗಾಜು ಒಳಕಲ್ಲಾಗ ಒಡದು ಹೋಗ್ಯಾವ್ರಿ ಯಪ್ಪಾ," ಎಂದಳು ಅವ್ವ. "ಶೋಕಿ ಅಷ್ಟೇ ಉಳದದ."

ನನ್ನ ಕಿವಿಯಿಂದ ಕೇಳಿದ್ದೇನೆ. ಆ ಮಾತು ಸಂತೆಗೆ ಮುಟ್ಟಿತು. ಸಾವುಕಾರರ ಮನೆಯ ಒಳಕಲ್ಲಿನಲ್ಲಿ ಏನೇನು ರುಬ್ಬುತ್ತಾರೆ ಎಂದು ಊರಿನಲ್ಲಿ ನಗೆಯಾಯಿತು. ಗಿರಣಿಗೆ ಬರುವವರು ಮೊದಲು ಬಂಕದ ಕಡೆಗೆ ಕತ್ತು ಚಾಚುವಂತಾಯಿತು. ಕೊನೆಗೆ ದೊಡ್ಡಪ್ಪ ತಾನೇ ಆ ಚೌಕಟ್ಟನ್ನು ಕೇಳಿ ತೆಗೆದುಕೊಂಡು, ರಾಯಚೂರಿಗೆ ಹೋಗಿ ಗಾಜು ಹಾಕಿಸಿಕೊಂಡು ಬಂದ. ತಂದದ್ದನ್ನು ಅವ್ವನ ಕೈಗೆ ಕೊಡಲಿಲ್ಲ. ದೊಡ್ಡವ್ವನ ಕೈಗೆ ಕೊಟ್ಟು, ‘ಹೋಗಿ ಕೊಡು’ ಎಂದ. ಅಡಿಗೆಮನೆಗೆ ನಡೆದು ಬಂದು, ಒಲೆಯ ಮುಂದೆ ಕೂತ ಅವ್ವನಿಗೆ ದೊಡ್ಡವ್ವ ಅದನ್ನು ಕೊಟ್ಟಾಗ ಆಕೆಯ ಮುಖ ಹೇಗಿತ್ತು ಎಂದು ವಿವರಿಸಬಲ್ಲೆ. ವಿವರಿಸುವುದಿಲ್ಲ. ಅದು ನನಗೊಬ್ಬಳಿಗೇ ಇರಲಿ.

ಅಷ್ಟಾದರೂ ನನ್ನ ಹೊಟ್ಟೆ ತಣ್ಣಗಾಗಿರಲಿಲ್ಲ. ಅವ್ವನ ಕಣ್ಣು ನನಗೂ ಬಂದಿದ್ದವು. ಹೈಸ್ಕೂಲಿಗೆ ಬರುವಷ್ಟರಲ್ಲಿ ನನಗೂ ಕನ್ನಡಕ ಬಂತು. ‘ತಾಯೀ ಶೋಕಿ ಮಗಳಿಗಿ ಹತ್ತಿತು’ ಎಂದು ದೊಡ್ಡವ್ವ ಅಂದಳು, ಆದರೆ ಈಗ ಸಣ್ಣ ದನಿಯಲ್ಲಿ. ನಾನು ರಾಯಚೂರಿನಲ್ಲಿ ಮಾಮನ ಮನೆಯಲ್ಲಿದ್ದು ಮಾಸ್ತರಿಕೆಯ ತರಬೇತಿ ಮುಗಿಸಿ ಬಂದ ವರ್ಷ ಆಕೆ ತನ್ನ ತವರಿನ ಕಡೆಯ ಸಂಬಂಧವೊಂದನ್ನು ನನಗೆ ತಂದಳು. ದೇವದುರ್ಗದ ಕಿರಾಣಿ ಅಂಗಡಿಯವರು. ತವರಿನವರೆಂದರೆ ದೊಡ್ಡವ್ವನಿಗೆ ಪ್ರಾಣ. ಅವರೆದುರು ತಾನು ಎಂಥ ಮನೆ ಆಳುತ್ತಿದ್ದೇನೆ ಎಂದು ತೋರಿಸಬೇಕಿತ್ತು. ಅವರು ನೋಡಲು ಬಂದ ದಿನ ನನಗೆ ತಲೆ ಬಾಚಿದವಳೂ ಆಕೆಯೇ. ನಡು ಬೈತಲೆ ತೆಗೆದು, ಎಣ್ಣೆ ಸುರಿದು, ಆಮೇಲೆ ನನ್ನ ಮುಖದ ಮೇಲಿನ ಕನ್ನಡಕವನ್ನು ತೆಗೆದು ತನ್ನ ಸೊಂಟದಲ್ಲಿ, ಕೀಲಿಕೈಯ ಪಕ್ಕದಲ್ಲಿ ಸಿಕ್ಕಿಸಿಕೊಂಡಳು.

"ನಮ್ಮವರು ಸಂಪ್ರದಾಯಸ್ಥರು. ಚಸ್ಮಾ ಗಿಸ್ಮಾ ಶೋಕಿ ಅವರಿಗಿ ಸೇರಂಗಿಲ್ಲ. ಮದಿವಿ ಆದ ಮ್ಯಾಲ ಏನರ ಮಾಡ್ಕೋ."

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ‘ಆಕಿಗಿ ಕಾಣಸಂಗಿಲ್ಲ ಅಕ್ಕಾರ’ ಎಂದಳು. ದೊಡ್ಡವ್ವ ಕಿವಿಗೊಡಲಿಲ್ಲ. ಪಡಸಾಲೆಯಲ್ಲಿ ಜಮಖಾನ ಹಾಸಿ ಗಂಡಿನ ತಂದೆ, ತಾಯಿ, ಹುಡುಗ, ಇನ್ನಿಬ್ಬರನ್ನು ಕೂಡಿಸಿದ್ದರು. ದೊಡ್ಡವ್ವ ಹೊಸ ಇಳಕಲ್ಲ ಸೀರೆಯುಟ್ಟು ಹುಡುಗನ ತಾಯಿಯ ಮಗ್ಗುಲಿಗೆ ಕೂತಿದ್ದಳು. ನಾನು ಶಾವಿಗೆ ಪಾಯಸದ ಪಾತ್ರೆ ಹಿಡಿದು ಒಳಗಿನಿಂದ ಬರುವಾಗ ಆಕೆಯ ಮಾತು ಕೇಳಿಸಿತು:

"ನಮ್ಮ ಮನ್ಯಾಗ ಶೋಕಿ ಅನ್ನಾದೇ ಇಲ್ಲ ನೋಡ್ರಿ. ನಾನು ಬೆಳಿಯಾಕ ಬಿಟ್ಟಿಲ್ಲ. ಬಾ ಪಾರಿ, ಮೊದಲು ಅತ್ತಿಯವ್ರಿಗಿ ಹಾಕು."

ದೂರದಿಂದ ಅವರೆಲ್ಲ ನನಗೆ ಬಣ್ಣದ ಗುಡ್ಡೆಗಳಾಗಿ ಕಾಣುತ್ತಿದ್ದರು. ಹತ್ತಿರ ಹೋಗಿ ಬಗ್ಗಿದ ಮೇಲೆ ಎಲ್ಲವೂ ಸ್ಪಷ್ಟ: ಹುಡುಗನ ತಾಯಿಯ ಕೈಯಲ್ಲಿನ ಬಟ್ಟಲು, ಪಕ್ಕದಲ್ಲಿ ದೊಡ್ಡವ್ವನ ಮಡಿಲು, ಸೀರೆಯ ಕೆಂಪು ದಡಿಯ ಒಂದೊಂದು ಎಳೆ. ಪಾಯಸ ಬೆಚ್ಚಗಿತ್ತು, ಮೈ ಸುಡುವಷ್ಟಿಲ್ಲ ಎಂದು ಒಳಗೇ ಬೆರಳಿಟ್ಟು ನೋಡಿಕೊಂಡು ಬಂದಿದ್ದೆ. ಪಾತ್ರೆಯನ್ನು ಎರಡೂ ಕೈಯಿಂದ ಎತ್ತಿ ದೊಡ್ಡವ್ವನ ಮಡಿಲಿಗೆ ಸಾವಕಾಶವಾಗಿ ಸುರಿದೆ. ಪೂರ್ತಿ.

ದೊಡ್ಡವ್ವ ‘ಯವ್ವಾ’ ಎಂದು ಎದ್ದು ನಿಂತಳು. ಶಾವಿಗೆ, ದ್ರಾಕ್ಷಿ, ಗೋಡಂಬಿ ಎಲ್ಲ ಆಕೆಯ ನೆರಿಗೆಯಿಂದ ಜಮಖಾನದ ಮೇಲೆ ಇಳಿದವು. ಹುಡುಗನ ತಾಯಿ ಕಾಲು ಹಿಂದೆಳೆದುಕೊಂಡು ಕೇಳಿದಳು:

"ಹುಡಿಗೀಗಿ ಕಣ್ಣು ಕಾಣಸಂಗಿಲ್ಲೇನ್ರಿ ಬಸಮ್ಮಾ?"

"ಚಸ್ಮಾ ಇದ್ರ ಕಾಣಸ್ತದರೀ," ಎಂದೆ ನಾನು. "ಚಸ್ಮಾ ಅಂದ್ರ ಶೋಕಿ ಅಂತ ಹೇಳಿ ದೊಡ್ಡವ್ವ ತಗದಿಟ್ಟಾರ. ಅವರ ಸೊಂಟದಾಗ ಅದ ನೋಡ್ರಿ."

ಎಲ್ಲರೂ ಆಕೆಯ ಸೊಂಟ ನೋಡಿದರು. ಬೇರೆ ದಾರಿ ಇರಲಿಲ್ಲ. ತನ್ನ ತವರಿನವರ ಮುಂದೆ, ಹಾಲು ಸೋರುವ ಸೀರೆಯಲ್ಲಿ ನಿಂತು, ಕೀಲಿಕೈ ಗೊಂಚಲಿನ ಸಂದಿನಿಂದ ನನ್ನ ಕನ್ನಡಕವನ್ನು ಆಕೆ ಹೊರಗೆ ತೆಗೆಯಬೇಕಾಯಿತು. ಅದರ ಕಡ್ಡಿಗೆ ಶಾವಿಗೆ ಸುತ್ತಿಕೊಂಡಿತ್ತು. ಹುಡುಗನ ತಂದೆ ತಾನೇ ದಪ್ಪ ಕನ್ನಡಕ ಹಾಕಿದ್ದ ಮನುಷ್ಯ. ತನ್ನದನ್ನು ಒಂದು ಬೆರಳಿನಿಂದ ಮೇಲೆ ಸರಿಸಿ, ‘ಇದನ್ನ ಮುಚ್ಚಿಟ್ಟಾಕಿ ಇನ್ನೇನೇನು ಮುಚ್ಚಿಟ್ಟೀಯವ್ವಾ ಬಸಮ್ಮಾ?’ ಎಂದು ಕೇಳಿದ. ಅವರು ಚಹಾ ಕೂಡ ಕುಡಿಯಲಿಲ್ಲ. ಸಂಬಂಧ ಮುರಿಯಿತು. ದೇವದುರ್ಗದಲ್ಲಿ ಆ ಸುದ್ದಿ ಎಷ್ಟು ಸಲ ಹೇಳಿಸಿಕೊಂಡು ನಕ್ಕರೋ, ಆಮೇಲಿನ ವರ್ಷಗಳಲ್ಲಿ ತವರಿನ ಮದುವೆ ಮುಂಜಿಗೆ ದೊಡ್ಡವ್ವ ಹೋದದ್ದನ್ನು ನಾನು ಕಾಣಲಿಲ್ಲ.

ಎಲ್ಲ ಮುಗಿದ ಮೇಲೆ ಅಡಿಗೆಮನೆಯಲ್ಲಿ ಅವ್ವ ನನ್ನ ಕನ್ನಡಕವನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು.

"ನನ್ನ ಕಣ್ಣೇ ನಿನಗ ಬಂದಾವ," ಎಂದಳು. "ಹತ್ತಿರದ್ದು ಚೊಲೊ ಕಾಣಸ್ತದ."

"ಹೂಂ."

"ಮತ್ತ?"

"ಕಂಡೇ ಹಾಕೀನಿ."

ಅವ್ವ ಗಾಜಿಗೆ ಬಾಯಿಯ ಹಬೆ ಊದಿ ಮತ್ತೆ ಒರೆಸಿದಳು. ‘ತುಪ್ಪ ಬಾಳ ಬಿದ್ದದ ಪಾಯಸಕ್ಕ. ಜಿಡ್ಡು ಹೋಗವಲ್ದು’ ಎಂದಳು. ಬೈಯಲಿಲ್ಲ.

ನನಗೆ ಅರಕೇರಾದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿದ್ದಾಗಲೇ ಒಂದು ಬೆಳಿಗ್ಗೆ ದೊಡ್ಡವ್ವ ತೀರಿಹೋದಳೆಂದು ಸುದ್ದಿ ಬಂತು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ತಿಳಿಗುಲಾಬಿ ಬಣ್ಣದ ನೈಲೆಕ್ಸ್ ಸೀರೆ ಉಟ್ಟೆ. ಮಾಮ ಹೊಲಿದುಕೊಟ್ಟ ತೋಳಿಲ್ಲದ ಜಂಪರು ಪೆಟ್ಟಿಗೆಯಲ್ಲಿತ್ತು, ಅದುವರೆಗೆ ಹಾಕುವ ಧೈರ್ಯ ಬಂದಿರಲಿಲ್ಲ, ಅವತ್ತು ಹಾಕಿದೆ. ವಾರೆ ಬೈತಲೆ ತೆಗೆದು, ಪೌಡರ್ ಹಚ್ಚಿ, ಹಿಮ್ಮಡಿ ಎತ್ತರದ ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದೆ. ದೇವದುರ್ಗದಲ್ಲಿ ಬಸ್ಸು ಬದಲಿಸುವಾಗ ಧೂಳು ಕೂತ ಮುಖ ತೊಳೆದು ಮತ್ತೊಮ್ಮೆ ಪೌಡರ್ ಹಚ್ಚಿಕೊಂಡೆ. ಮಾನ್ವಿಯ ಮನೆಯ ಮುಂದೆ ಭಜನೆ ನಡೆದಿತ್ತು. ನನ್ನನ್ನು ಕಂಡು ತಾಳ ಹೊಡೆಯುವವನ ಕೈ ತಪ್ಪಿತು. ‘ಸತ್ತ ಮನಿಗಿ ಹಿಂಗ ಬರ್ತಾರೇನು?’ ಎಂದು ಯಾರೋ ಅಂದರು. ಅವ್ವ ಎದ್ದು ಬಂದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಪಕ್ಕಕ್ಕೆ ನಿಂತು ದಾರಿ ಬಿಟ್ಟಳು.

ದೊಡ್ಡವ್ವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಮಾಲೆ. ನಾನು ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಆಕೆಯ ಎದುರಿಗೆ, ಪೂರ್ತಿ ಕಾಣುವಂತೆ, ನೆಟ್ಟಗೆ ನಿಂತೆ. ಸೆರಗು ಸರಿಪಡಿಸಿಕೊಂಡೆ. ಆಕೆಯ ಕಣ್ಣು ಮುಚ್ಚಿದ್ದವು. ಯಾರೋ ಬೆಳಿಗ್ಗೆಯೇ, ಬಹಳ ಅಚ್ಚುಕಟ್ಟಾಗಿ ಮುಚ್ಚಿಬಿಟ್ಟಿದ್ದರು. ಅಷ್ಟು ದೂರದಿಂದ ಹಾಗೆ ಉಟ್ಟುತೊಟ್ಟು ಬಂದದ್ದೆಲ್ಲ ದಂಡವಾಯಿತಲ್ಲ ಎಂದು ನನಗೆ ಅಳು ಬಂತು. ತಡೆಯಲಾರದಂಥ ಅಳು. ಹೆಂಗಸರು ಅದನ್ನು ಬೇರೆಯೇ ತಿಳಿದು, ‘ಕುಂದರವ್ವಾ, ಕುಂದರು’ ಎಂದು ಸರಿದು ನನಗೆ ಜಾಗ ಕೊಟ್ಟರು.